ಬೀಸುಕಲ್ಲಿಲ್ಲದ ಬೀಸುವ ಪದ

ಇವತ್ತು ಏಕಾದಶಿ, ಉಪವಾಸ. ಬಾಗಿಲು ಸಾರಿಸಿ, ಪೂಜೆ ಮುಗಿಸಿ ಮತ್ತಿಕೆರೆಯ ಸ್ಟುಡಿಯೋಗೆ ಹೋಗಿದ್ದೆ ಸ್ನೇಹಿತರೇ. ತೀರಿಹೋದ ನಮ್ಮವ್ವ ರಾಗಿ ಬೀಸುತ್ತಾ ಹಾಡಿದ್ದ ಹಳೇ ಕ್ಯಾಸೆಟ್ಟನ್ನು ಮೊಬೈಲಿಗೆ ಹಾಕಿಸಲು ಕೊಟ್ಟಿದ್ದೆ.

ಸ್ಟುಡಿಯೋದವರು ಕೇಳಿಸಿದರು. ಅವ್ವನ ದನಿಯೊಂದೇ ಇತ್ತು.

"ಗರಗರ ಅಂತ ನಾಯ್ಸ್ ಇತ್ತು ಆಂಟಿ, ಪೂರ್ತಿ ತೆಗ್ದುಬಿಟ್ಟೆ."

"ಅದು ಬೀಸೋ ಕಲ್ಲು ಕಣಪ್ಪಾ. ಅವ್ವಂಗೆ ಅದೇ ತಾಳ."

"ಈಗೆಲ್ರೂ ಕ್ಲೀನಾಗೇ ಕೇಳ್ತಾರೆ. ಬೇಕಾದ್ರೆ ತಬಲಾ ಹಾಕ್ಕೊಡ್ಲಾ?"

ಈಗ ಅವ್ವ ಕೆಲಸವಿಲ್ಲದೆ ಕೂತು ಹಾಡಿದಂತಿದೆ. ಅವಳು ಒಂದು ದಿನವೂ ಹಾಗೆ ಕೂತವಳಲ್ಲ.

ಕ್ಯಾಸೆಟ್ಟಿನ ಟೇಪು ಅವರ ಮೆಷಿನ್ನಿನಲ್ಲೇ ತುಂಡಾಗಿದೆ. ಗರಗರ ತೆಗೆಯುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡದ್ದನ್ನು ಅಳಿಸಿಲ್ಲ ತಾನೇ ಎಂದು ಮನೆಗೆ ಬಂದ ಮೇಲೆ ಮೆಸೇಜ್ ಹಾಕಿದೆ. ನೋಡಿದ್ದಾರೆ, ಉತ್ತರವಿಲ್ಲ. ಮತ್ತಿಕೆರೆಯಲ್ಲಿರುವವರು ಯಾರಾದರೂ ಹೋಗಿ, ಅವ್ವನ ಕಲ್ಲು ಅವರ ಕಂಪ್ಯೂಟರಿನಲ್ಲಿ ಇನ್ನೂ ತಿರುಗುತ್ತಿದೆಯಾ ಎಂದು ಕೇಳಿ ಉತ್ತರ ತಂದುಕೊಡಿ.