ಅತ್ತೆಯ ಮುಂದೆ ತುಂಬಿದ ಫಾರಂ

ನಾನು ಇಪ್ಪತ್ತು ವರ್ಷ ಸಿಗರೇಟು ಸೇದಿದವನು. ದಿನಕ್ಕೆ ಐದು, ಸಾಹೇಬರು ಬೈದ ದಿನ ಏಳು. ಅದರಲ್ಲಿ ಮದುವೆಯಾದ ಮೇಲಿನ ಹದಿನೆಂಟು ವರ್ಷ ಹೆಂಡತಿಗೆ ಗೊತ್ತಾಗದಂತೆ ಸೇದಿದೆನಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಈಗ ಅದನ್ನು ನೆನೆದರೆ ತಲೆ ತಾನಾಗಿ ತಗ್ಗುತ್ತದೆ.

ನನ್ನ ಕೆಲಸ ನೆಹರೂ ಪ್ಲೇಸಿನ ಒಂದು ಖಾಸಗಿ ಕಂಪನಿಯಲ್ಲಿ. ಸಂಜೆ ಬಸ್ ಸ್ಟಾಪಿನ ಪಾನ್‌ವಾಲಾ ಭಯ್ಯಾ ನನಗೆ ಸಿಗರೇಟಿನ ಜೊತೆ ಕೇಳದೆಯೇ ಒಂದು ಚಿಟಿಕೆ ಸೋಂಪು ಕೊಡುತ್ತಿದ್ದ. ಮಯೂರ್ ವಿಹಾರಿನ ಮನೆ ತಲುಪುವ ಹೊತ್ತಿಗೆ ನಾನು ಮದುವೆ ಊಟ ಮುಗಿಸಿ ಬಂದವನಂತೆ ಘಮಘಮಿಸುತ್ತಿದ್ದೆ. ನನಗೆ ಸೋಂಪೆಂದರೆ ಇಷ್ಟವೆಂದು ನಂಬಿದ ಹೆಂಡತಿ ಸರಳಾ ಮನೆಯಲ್ಲೂ ಒಂದು ಡಬ್ಬಿ ತುಂಬಿಟ್ಟಿದ್ದಳು.

ನಮ್ಮ ಸೊಸೈಟಿಯ ಮೂರ್ತಿಗಳು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ವಿಮೆಯ ಏಜೆಂಟರಾದವರು. ಒಂದು ಭಾನುವಾರ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯ ಫಾರಂ ಹಿಡಿದು ಬಂದರು.

"ರಾಯರೇ, ಇದು ಆಸ್ಪತ್ರೆ ಬಿಲ್ಲಿಗಲ್ಲ. ಅದಕ್ಕೆ ನಿಮ್ಮ ಕಂಪನಿ ಇದೆ. ಹಾರ್ಟು, ಕಿಡ್ನಿ, ಕ್ಯಾನ್ಸರು ಅಂತ ದೊಡ್ಡ ಕಾಯಿಲೆ ಬಂದ್ರೆ ಇಡುಗಂಟು ಕೈಗೆ ಬರುತ್ತೆ. ನೀವು ಆರು ತಿಂಗಳು ಮಲಗಿದ್ರೆ ಬಾಡಿಗೆ, ಮಗಳ ಫೀಸು ಕಟ್ಟೋರು ಯಾರು?"

ಸರಳಾ ಒಂದೊಂದು ಕಾಯಿಲೆಯ ಹೆಸರಿಗೂ "ಬಿಡ್ತು ಅನ್ನಿ, ಬಿಡ್ತು ಅನ್ನಿ" ಎನ್ನುತ್ತಲೇ ಕಾಫಿ ತಂದಿಟ್ಟಳು.

ನಮ್ಮ ಜನಕ್ಕೆ ಫಾರಂ ತುಂಬುವುದೂ ಒಂದು ಸಮಾರಂಭವೇ. ಪುರೋಹಿತರು ಸಂಕಲ್ಪಕ್ಕೆ ಗೋತ್ರ, ನಕ್ಷತ್ರ ಕೇಳಿದಾಗ ಮನೆಮಂದಿಯೆಲ್ಲ ಸುತ್ತ ನಿಂತು ಉತ್ತರಿಸುವುದಿಲ್ಲವೇ, ಹಾಗೆ. ಆಗ ಶಿವಮೊಗ್ಗದಿಂದ ಅತ್ತೆಯವರೂ ಬಂದಿದ್ದರು. ಎಲ್ಲರೂ ಚಕ್ಕುಲಿಯ ತಟ್ಟೆಯ ಸುತ್ತ ಕುಳಿತೆವು. ಮೂರ್ತಿಗಳು ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತ ಹೋದರು.

"ಧೂಮಪಾನದ ಅಭ್ಯಾಸ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಕ್ಕರು. "ನಮ್ಮ ಅಳಿಯಂದಿರಾ? ಅಡಿಕೆ ಹೋಳೂ ಬಾಯಿಗೆ ಹಾಕಲ್ಲ!"

ನಾನು ಚಕ್ಕುಲಿ ಕಡಿಯುತ್ತ ಹೌದೆಂದು ತಲೆಯಾಡಿಸಿದೆ. ಮೂರ್ತಿಗಳು 'ಇಲ್ಲ' ಎಂದು ಬರೆದರು, ನಾನು ಸಹಿ ಹಾಕಿದೆ. ಆಮೇಲಾದರೂ ಅವರನ್ನು ಬದಿಗೆ ಕರೆದು ತಿದ್ದಿಸಬಹುದಿತ್ತು. ಆದರೆ ಅವರ ಹೆಂಡತಿಯೂ ಸರಳಾಳೂ ಭಜನೆ ಗೆಳತಿಯರು, ಸುದ್ದಿ ಮನೆಗೆ ಬಂದೇ ಬರುತ್ತಿತ್ತು. ಹಾಗೆ ಒಂದು ದಿನ ಮುಂದೂಡಿದ್ದು ಎರಡು ವರ್ಷವಾಯಿತು.

ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತು. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ ಹಿರಿಯರು. ಅವರ ಕಾಲದಲ್ಲಿ ವಿಮೆಯ ಏಜೆಂಟರು ಮನೆಗೆ ಬರುತ್ತಿರಲಿಲ್ಲವೆಂದು ಕಾಣುತ್ತದೆ, ಅವರ ಹೆಸರು ಸೇರಿಸಿಲ್ಲ. ಎಮರ್ಜೆನ್ಸಿಯ ಡಾಕ್ಟರು "ಸಿಗರೇಟ್ ಪೀತೇ ಹೈ?" ಎಂದಾಗ ಪ್ರಾಣಭಯದಲ್ಲಿ "ಬೀಸ್ ಸಾಲ್ ಸೇ" ಎಂದು ಇಪ್ಪತ್ತು ವರ್ಷವನ್ನೂ ಒಪ್ಪಿಕೊಂಡುಬಿಟ್ಟೆ. ಪಕ್ಕದಲ್ಲಿ ಸರಳಾ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

ಡಾಕ್ಟರು ಅದನ್ನು ಬರೆದುಕೊಂಡರು. ಬೈಪಾಸ್ ಆಯಿತು. ವಿಮಾ ಕಂಪನಿ ಆಸ್ಪತ್ರೆಯ ಕಾಗದವನ್ನೂ ನನ್ನ ಫಾರಂ ಅನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸತ್ಯ ಮುಚ್ಚಿಟ್ಟಿದ್ದೀರಿ, ಹಣ ಕೊಡಲಾಗದು ಎಂದು ಪತ್ರ ಹಾಕಿತು. ಅವರನ್ನು ಬೈಯಲು ನನಗೆ ಬಾಯಿರಲಿಲ್ಲ. ರಜೆ ಮುಗಿದು ಸಂಬಳ ನಿಂತಿತು. ಮೂರ್ತಿಗಳು ಹೇಳಿದ್ದ ಬಾಡಿಗೆ, ಫೀಸುಗಳು ಅವರು ಹೇಳಿದ ಕ್ರಮದಲ್ಲೇ ಬಾಗಿಲಿಗೆ ಬಂದವು. ಸರಳಾ ಸಾರಿನ ಪುಡಿ ಮಾಡಿ ಮಾರತೊಡಗಿದಳು. ಮಗಳು ಪುಣೆಯಲ್ಲಿ ಸಿಕ್ಕಿದ್ದ ಸೀಟು ಬಿಟ್ಟು ಇಲ್ಲೇ ಕಾಲೇಜಿಗೆ ಸೇರಿದಳು. "ಕೋಯಿ ಬಾತ್ ನಹೀ ಅಪ್ಪಾ, ಪರವಾಗಿಲ್ಲ, ಬಸ್ಸಲ್ಲಿ ಹೋಗ್ತೀನಿ" ಎಂದಳು. ಆ ರಾಜಿಯ ದನಿ ಕೇಳಿ ಗೋಡೆಯ ಕಡೆ ತಿರುಗಿ ಮಲಗಿದೆ.

ಸರಳಾ ಒಂದು ಮಾತೂ ಬೈಯಲಿಲ್ಲ. ಊಟದ ಮೇಜಿನ ಮೇಲಿನ ಸೋಂಪಿನ ಡಬ್ಬಿ ಮಾತ್ರ ಕಾಣೆಯಾಯಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಸರಳಾಳ ಹೆಸರಿನಲ್ಲಿ ಅಂಥದೇ ಪಾಲಿಸಿ ಮಾಡಿಸೋಣವೆಂದು ಮೂರ್ತಿಗಳನ್ನು ನಾನೇ ಕರೆದೆ. ಪ್ರಶ್ನೆಗಳು ಶುರುವಾಗುತ್ತಲೇ, ಅವಳಿಗೂ ಏನಾದರೂ ಹೇಳಲು ಸಂಕೋಚವಿದ್ದೀತೆಂದು ಮೆಲ್ಲಗೆ ಎದ್ದೆ.

"ಕೂತ್ಕೊಳ್ಳಿ," ಎಂದಳು ಸರಳಾ. ಮೂರ್ತಿಗಳ ಕಡೆ ತಿರುಗಿ, "ಬರ್ಕೊಳ್ಳಿ. ಬಿಪಿ ಇದೆ. ಇವರು ಆಸ್ಪತ್ರೇಲಿದ್ದ ವಾರದಿಂದ ಮಾತ್ರೆ ತಗೋತಿದೀನಿ."

ಒಂದೂವರೆ ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ. ನಾನು ಮುಚ್ಚಿಟ್ಟದ್ದು ನನ್ನ ಮಾನಕ್ಕಾಗಿ, ಅವಳು ಮುಚ್ಚಿಟ್ಟದ್ದು ನನ್ನ ಹೊಲಿದ ಎದೆಗಾಗಿ.

"ಬರೆದ್ರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತಮ್ಮಾ," ಎಂದರು ಮೂರ್ತಿಗಳು.

"ಆಗಲಿ, ಬರೀರಿ," ಎಂದೆ ನಾನು. ಇಬ್ಬರೂ ನನ್ನತ್ತ ನೋಡಿದರು.

"ಮಾತ್ರೆ ಹೆಸರೇನಮ್ಮಾ?"

"ಸೋಂಪಿನ ಡಬ್ಬೀಲಿದೆ."

ತರಲು ನಾನೇ ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮೇಲೆ, ಆ ಡಬ್ಬಿಯನ್ನು ಅವಳು ಯಾವ ಗೂಡಿನಲ್ಲಿಟ್ಟಿದ್ದಾಳೆಂದು ನನಗೆ ತಿಳಿಯದೆಂಬುದು ಹೊಳೆಯಿತು. ಕೇಳಲು ಬಹಳ ನಾಚಿಕೆಯಾಯಿತು. ಆದರೂ ಕೇಳಿದೆ.