ಮಹಜರಿಗೆ ಕಾದ ತೋಟ

ಕಣಕಟ್ಟೆಯ ಹತ್ತಿರ ನಮಗೊಂದು ತೋಟವಿದೆ. ತೋಟ ಅನ್ನುವುದು ಬಾಯಿಮಾತಿಗೆ. ಅಲ್ಲಿ ಒಂದು ಮರವೂ ಇಲ್ಲ, ಸಾಲುಸಾಲಾಗಿ ಕಲ್ಲುಗಳಿವೆ. ಚಿಕ್ಕವನಿದ್ದಾಗ ಸಂಜೆ ಆ ಬದುವಿನ ಮೇಲೆ ನಡೆದು ಬರಲು ನನಗೆ ಭಯ. ಈಗ ಐವತ್ತು ದಾಟಿದೆ, ಈಗಲೂ ಭಯವೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಆ ಜಾಗವನ್ನು ಮಿಲಿಟರಿ ಲಾರಿಗಳಿಗೆಂದು ವಶಕ್ಕೆ ತೆಗೆದುಕೊಂಡು, ತೆಂಗಿನ ಮರಗಳನ್ನೆಲ್ಲ ಕಡಿಸಿತು. ಯುದ್ಧ ಮುಗಿದ ಮೇಲೆ ನೆಲ ವಾಪಸ್ ಬಂತು, ಪರಿಹಾರ ಬರಲಿಲ್ಲ. ಬುಡಗಳನ್ನು ಎಣಿಸಿ ಮಹಜರು ಬರೆದ ಮೇಲೆಯೇ ಪರಿಹಾರ, ಅಲ್ಲಿಯವರೆಗೆ ಏನನ್ನೂ ಕೀಳಬಾರದು, ಏನನ್ನೂ ನೆಡಬಾರದು ಎಂದು ಯಾರೋ ಅಮಲ್ದಾರರು ಹೇಳಿ ಹೋದರಂತೆ. ತಾತ ಆ ಮಾತನ್ನು ದೇವರ ಅಪ್ಪಣೆಯಂತೆ ಹಿಡಿದರು. ಬುಡಗಳಿಗೆ ಗೆದ್ದಲು ಹತ್ತಿ ಮಣ್ಣಾಗತೊಡಗಿದಾಗ ಗುರುತಿಗೆಂದು ಒಂದೊಂದರ ಜಾಗದಲ್ಲೂ ಒಂದೊಂದು ಕಲ್ಲು ನೆಟ್ಟರು. ಸಾಯುವಾಗ ಅಪ್ಪನಿಂದ ಭಾಷೆ ತೆಗೆದುಕೊಂಡರು.

ಅಪ್ಪ ಹುಟ್ಟಿದ್ದು ಮರ ಕಡಿದ ಮೇಲೆ. ಆದರೂ ಗಾಳಿ ಬೀಸಿದಾಗ ಅಲ್ಲಿ ಗರಿಗಳ ಸದ್ದು ಕೇಳುತ್ತದೆ ಅನ್ನುತ್ತಾರೆ. ಆ ನೆಲದಲ್ಲಿ ಒಂದಾದರೂ ತೆಂಗು ಎಬ್ಬಿಸಬೇಕೆಂಬುದೇ ಅವರ ಆಸೆ. ಪ್ರತಿ ವರ್ಷ ಹಿತ್ತಿಲಲ್ಲಿ ಒಂದು ಕಾಯಿ ಮೊಳಕೆಗೆ ಇಡುತ್ತಾರೆ. ಮಹಜರಿನವರು ಬರುವುದಿಲ್ಲ, ಎತ್ತರವಾದ ಸಸಿ ಕೊನೆಗೆ ಹಾರನಹಳ್ಳಿಯ ಸೋದರತ್ತೆಯ ಮನೆಗೆ ಹೋಗುತ್ತದೆ. ಅತ್ತೆಯ ತೋಟ ತುಂಬಿದ್ದೇ ಹೀಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಲ್ಲು ಕಿತ್ತೆಸೆಯೋಣ ಎಂದರೆ ಅಪ್ಪ ನನ್ನೊಂದಿಗೆ ಮಾತು ಬಿಡುತ್ತಿದ್ದರು.

ಹೋದ ವರ್ಷ ಕೊನೆಗೂ ಮಹಜರಿಗೆಂದು ಸರ್ವೆಯವರು ಬಂದರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕಲ್ಲುಗಳನ್ನು ಕಂಡವಳೇ ಬದುವಿನಲ್ಲಿ ಚಪ್ಪಲಿ ಬಿಟ್ಟಳು.

“ಇವೆಲ್ಲ ಯಾರ ಸಮಾಧಿ ಯಜಮಾನ್ರೇ?”

ನಾನು ವಿವರಿಸಲು ಬಾಯಿ ತೆರೆದೆ. ಅಪ್ಪ ನನ್ನ ಕೈ ಒತ್ತಿದರು.

“ನಮ್ಮೋರವೇ ಕಣವ್ವ.”

ಆಕೆ ಸಮಾಧಿಗಳೆಂದೇ ಬರೆದುಕೊಂಡು, ಕಲ್ಲುಗಳ ಕಡೆ ಕೈಮುಗಿದು ಹೋದಳು. ಪರಿಹಾರದ ಮಾತು ಅಲ್ಲಿಗೆ ಮುಗಿಯಿತು.

ಅಂತೂ ಮಹಜರು ಆಯಿತು, ಭಾಷೆ ತೀರಿತು, ಇನ್ನು ಸಸಿ ನೆಡಬಹುದಲ್ಲ ಎಂದು ಮಾರನೆಯ ದಿನ ಸಂಜೆ ಹಾರೆ ತಂದೆ. ಸಸಿ ಹಿಡಿದು ಬಂದ ಅಪ್ಪ ಒಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು.

“ಎಲ್ಲಿ ಅಗೀತೀಯ ಮಗ? ಎಲ್ಲಾರೂ ಮಲಗವ್ರೆ.”

ಗಾಳಿ ಬೀಸಿತು. ಬರೀ ಕಲ್ಲಿನ ಆ ಬಯಲಿನಲ್ಲಿ, ತಲೆಯ ಮೇಲೆ, ಗರಿಗಳ ಸದ್ದು ನನಗೂ ಕೇಳಿಸಿತು. ಹಾರೆಯನ್ನು ಹೆಗಲಿಗೆ ಹಾಕಿಕೊಂಡು ಅಪ್ಪನ ಹಿಂದೆಯೇ ಮನೆಗೆ ಬಂದೆ. ಆ ಸಸಿಯನ್ನೂ ಬಸ್ಸಿನಲ್ಲಿ ಹಾರನಹಳ್ಳಿಗೆ ಕೊಟ್ಟುಬಂದವನು ಈ ಸಲ ನಾನೇ.