ಅರಮನೆ ಗೇಟಿನ ಮುಂದೆ ಹೆಣ್ಣು ನೋಡುವ ಶಾಸ್ತ್ರ

ನಮ್ಮ ಮನೆಗೆ ಭಾನುವಾರ ಯಾವತ್ತು ಬರಬೇಕೆಂದು ತೀರ್ಮಾನಿಸುತ್ತಿದ್ದುದು ಕಾರ್ಖಾನೆ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕಬ್ಬಿಣ ಕರಗಿಸುವ ಕುಲುಮೆಗೆ ವಾರದ ರಜೆ ಎಂಬುದಿಲ್ಲ. ಅದಕ್ಕೇ ಅಲ್ಲಿ ದುಡಿಯುವವರಿಗೆ ಒಬ್ಬೊಬ್ಬರಿಗೆ ಒಂದೊಂದು ದಿನ ಆಫ್. ಅಪ್ಪನಿಗೆ ಬುಧವಾರ ಆಫ್ ಇದ್ದಾಗ ಬುಧವಾರವೇ ನಮಗೆ ಎಣ್ಣೆಸ್ನಾನ, ಒತ್ತುಶಾವಿಗೆ, ಮಧ್ಯಾಹ್ನದ ನಿದ್ದೆ. ಆಫ್ ಶುಕ್ರವಾರಕ್ಕೆ ಬದಲಾದರೆ ಇವೆಲ್ಲ ಗಂಟುಮೂಟೆ ಕಟ್ಟಿಕೊಂಡು ಶುಕ್ರವಾರಕ್ಕೆ ಹೋಗುತ್ತಿದ್ದವು. ಕ್ಯಾಲೆಂಡರಿನ ಭಾನುವಾರ ಅಪ್ಪ ಊಟದ ಡಬ್ಬಿ ಹಿಡಿದು ಸೈಕಲ್ ಹತ್ತುವ ಮಾಮೂಲಿ ದಿನ. ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ನಮ್ಮ ಭಾನುವಾರ ಸೋಮವಾರ ಬರುತ್ತಿತ್ತು.

ಆಗ ನನಗೆ ಇಪ್ಪತ್ತಾರು. ಓಲ್ಡ್ ಟೌನಿನ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ನನ್ನನ್ನು ನೋಡಲು ಎಷ್ಟು ಗಂಡುಗಳು ಬಂದು ಹೋದವೆಂದು ಲೆಕ್ಕ ಇಡುವುದನ್ನು ಅಮ್ಮ ಬಿಟ್ಟೇಬಿಟ್ಟಿದ್ದಳು. ಎಲ್ಲರೂ ಬಂದದ್ದು, ಕೂತದ್ದು, ಉಪ್ಪಿಟ್ಟು ಕೇಸರಿಬಾತ್ ತಿಂದದ್ದು ಒಂದೇ ತರಹ. ನಾನು ತಟ್ಟೆ ಹಿಡಿದು ಬರಬೇಕು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂರಬೇಕು, ಹಾಡು ಬರುತ್ತದಾ ಎಂದರೆ ಹೂಂ ಅನ್ನಬೇಕು. ಅವರು "ತಿಳಿಸ್ತೀವಿ" ಎಂದು ಎದ್ದು ಹೋದರೆ ಅಪ್ಪ ವಾರಗಟ್ಟಲೆ ಹೊರಬಾಗಿಲ ಕಡೆಯೇ ಕಿವಿ ಇಟ್ಟುಕೊಂಡು ಕೂರುತ್ತಿದ್ದರು. ಅಷ್ಟು ಗಂಡುಗಳು ಬಂದರೂ ಅವರ ಕಾಲಿನ ಹೆಬ್ಬೆರಳು ಬಿಟ್ಟರೆ ನಾನು ಇನ್ನೇನನ್ನೂ ನೋಡಿರಲಿಲ್ಲ. ಒಂದು ಸಂಜೆ ನನ್ನ ಪಿತ್ತ ನೆತ್ತಿಗೇರಿತು.

"ಇನ್ಮೇಲೆ ತಟ್ಟೆ ಹಿಡ್ಕೊಂಡು ನಾನು ಬರಲ್ಲ ಅಪ್ಪ. ನೋಡೋರು ಹೊರಗೆ ಎಲ್ಲಾದ್ರೂ ನೋಡ್ಲಿ. ನಾನೂ ಅವರನ್ನ ನೋಡ್ಬೇಕು, ನಾಕು ಮಾತಾಡ್ಬೇಕು."

"ಹೊರಗೆ ಅಂದ್ರೆ ಎಲ್ಲಿ ಮಾರಾಯ್ತಿ, ಬಸ್ ಸ್ಟ್ಯಾಂಡಲ್ಲಾ?" ಎಂದಳು ಅಮ್ಮ.

"ಶಿವಮೊಗ್ಗದ ಅರಮನೇಲಿ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ವರ್ಷಾ ವರ್ಷಾ ಮಕ್ಕಳಿಗೆ ಕೆಳದಿ ಅರಸರ ಪಾಠ ಮಾಡುತ್ತಿದ್ದೆ. ಅವರ ಕಾಲದ್ದೆಂದು ಹೇಳುವ, ಈಗ ಮ್ಯೂಸಿಯಂ ಮಾಡಿರುವ ಮರದ ಕಂಬಗಳ ಅರಮನೆ ಬಸ್ಸಿಗೆ ಮುಕ್ಕಾಲು ಗಂಟೆ ದೂರದ ಶಿವಮೊಗ್ಗದ ಕೋಟೆ ಹತ್ತಿರವೇ ಇತ್ತು. ಸೀರೆಗೆ, ಸಿನಿಮಾಕ್ಕೆ, ಹಲ್ಲುನೋವಿಗೆ ಅಂತ ಶಿವಮೊಗ್ಗಕ್ಕೆ ಎಷ್ಟು ಸಲ ಹೋಗಿದ್ದೆನೋ, ಅರಮನೆಯ ಹೊಸ್ತಿಲು ಮಾತ್ರ ತುಳಿದಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಹಂಪಿ ಬಿಜಾಪುರ ನೋಡಬೇಕೆಂದು ಒದ್ದಾಡುತ್ತಿದ್ದ ನನ್ನದು ಅದೇ ಕತೆ.

ಅಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು ಮುಗಿಸಿದರು. ಆಮೇಲೆ, "ಒಂದೇ ಸಲ. ಇದು ಕೂಡಿ ಬರ್ಲಿಲ್ಲ ಅಂದ್ರೆ ಮುಂದೆ ನಾ ಹೇಳ್ದಂಗೆ ಕೇಳ್ಬೇಕು. ಯಾರೇ ಬರ್ಲಿ, ಚಾಪೆ ಮೇಲೆ ಕೂರ್ಬೇಕು" ಎಂದರು. ಒಪ್ಪಿಕೊಂಡೆ. ಖುಷಿಗೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚೇ ತಿಂದೆ.

ಪಕ್ಕದ ಕ್ವಾರ್ಟರ್ಸಿನ ಆಂಟಿ ಒಂದು ಸಂಬಂಧ ತಂದರು. ಹುಡುಗ ಊರಿನ ಇನ್ನೊಂದು ತುದಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅವನು ಮತ್ತು ಅವನ ತಾಯಿ ಇಬ್ಬರೇ. ಅವನಿಗೂ ಸೋಮವಾರವೇ ಆಫ್! ಎರಡು ಕಾರ್ಖಾನೆಯ ಎರಡು ಮನೆಗಳಿಗೆ ಆಫ್ ಕೂಡಿಬರುವುದು ಜಾತಕ ಕೂಡಿಬರುವುದಕ್ಕಿಂತ ಕಷ್ಟ. ಅಪ್ಪ ಅದನ್ನೇ ಶುಭಸೂಚನೆ ಎಂದುಕೊಂಡರು. ಭಾನುವಾರವಾದರೆ ಅಲ್ಲಿ ಜನಜಂಗುಳಿ, ಸೋಮವಾರ ಆರಾಮಾಗಿ ನೋಡಬಹುದು ಎಂದು ಆಂಟಿಯೂ ತಲೆದೂಗಿದರು. ಅದು ಸೋಮವಾರ ಎಂಬುದು ನಮಗೆಲ್ಲ ಚೆನ್ನಾಗಿಯೇ ಗೊತ್ತಿತ್ತು. ಆದರೆ ನಮ್ಮ ರಜೆಯ ದಿನ ಇನ್ನೊಬ್ಬರಿಗೂ ರಜೆ ಇರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಎರಡೂ ಕಡೆಯವರು ಅರಮನೆಯೊಳಗೆ ಆಕಸ್ಮಿಕವಾಗಿ ಸಿಕ್ಕಂತೆ ಸಿಗಬೇಕೆಂದು ಮಾತಾಯಿತು. ಕೂಡಿಬರದಿದ್ದರೆ ಯಾರಿಗೂ ಮುಖಭಂಗವಿಲ್ಲ, ಅರಮನೆ ನೋಡಲು ಹೋಗಿದ್ದೆವು ಅಂದರಾಯಿತು. "ಅಯ್ಯೋ, ನೀವೂ ಅರಮನೆ ನೋಡೋಕೆ ಬಂದ್ರಾ!" ಎಂಬ ಮಾತನ್ನು ಅಮ್ಮ ವಾರವಿಡೀ ಅಭ್ಯಾಸ ಮಾಡಿದಳು. ಚಟ್ನಿ ರುಬ್ಬುವಾಗ ಒಂದು ರಾಗ, ಬಟ್ಟೆ ಒಣಗಿಸುವಾಗ ಇನ್ನೊಂದು. ನಾನು ಕಂಬಗಳ ಬಗ್ಗೆ, ವೀರಗಲ್ಲುಗಳ ಬಗ್ಗೆ ಹಳೆಯ ಪುಸ್ತಕ ತೆಗೆದು ಓದಿಕೊಂಡೆ. ಅರಮನೆ ನೋಡುವ ಸಂಭ್ರಮ ಎಷ್ಟು, ಗಂಡು ನೋಡುವ ಸಂಭ್ರಮ ಎಷ್ಟು ಎಂದು ಕೇಳಿದರೆ ಆಗ ನಾನೇ ಹೇಳಲಾರದೆ ಹೋಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದಾಗಲೇ ಸೀಟು ಬಿಸಿಲಿಗೆ ಕಾದಿತ್ತು. ಮೇ ತಿಂಗಳು. ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಅಮ್ಮ ರೇಷ್ಮೆ ಸೀರೆಯಲ್ಲಿ ಬೇಯುತ್ತಿದ್ದಳು, ಅಪ್ಪ ಇಸ್ತ್ರಿ ಕೆಡಬಾರದೆಂದು ಬೆನ್ನು ಒರಗಿಸದೆ ಕೂತಿದ್ದರು. ನನಗೆ ಮಾತ್ರ ಏನೂ ತಾಗುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಇಳಿದು ಆಟೋ ಹಿಡಿದೆವು. ಹಳೆಯ ಪೇಟೆಯ ಬೀದಿ, ಕಲ್ಲಂಗಡಿಯ ರಾಶಿ, ಕಬ್ಬಿನ ಹಾಲಿನ ಗಾಣದ ಗೆಜ್ಜೆ ಎಲ್ಲವೂ ಹೊಸದಾಗಿ ಕಂಡವು. ನೂರು ಸಲ ಓಡಾಡಿದ ಬೀದಿ ಅದು. ಆದರೂ ಅವತ್ತು ನಾನು ಬೇರೆ ಯಾವುದೋ ರಾಜಧಾನಿಗೆ ಬಂದಿದ್ದೆ.

ಅರಮನೆಯ ಗೇಟಿಗೆ ಬೀಗ ಹಾಕಿತ್ತು.

ಅಪ್ಪ ಬೀಗವನ್ನು ಎರಡು ಸಲ ಎಳೆದು ನೋಡಿದರು. ಒಳಗೆ ಮರದ ಕೆಳಗೆ ಕೂತಿದ್ದ ಕಾವಲುಗಾರ ಅಲ್ಲಿಂದಲೇ, "ಸೋಮ್ವಾರ ಬಂದ್ ಸಾರ್, ರಜೆ" ಎಂದ.

"ಇವತ್ತು ರಜೆ ಇರೋದು ನಮಗೆ ಕಣಪ್ಪ" ಎಂದರು ಅಪ್ಪ, ನಿಜವಾಗಿಯೂ ಅರ್ಥವಾಗದೆ. "ನಿಮಗೂ ಹೆಂಗೆ ರಜೆ?"

ಕಾವಲುಗಾರ ಬೀಡಿ ಹಚ್ಚಿಕೊಂಡ. ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಸಮಾಜ ವಿಜ್ಞಾನದ ಟೀಚರ್ ನಾನು, ಮ್ಯೂಸಿಯಂಗೆ ಸೋಮವಾರ ರಜೆ ಎಂಬುದು ನನಗಾದರೂ ಹೊಳೆಯಬಾರದೇ! ಅಷ್ಟರಲ್ಲಿ ಇನ್ನೊಂದು ಆಟೋ ಬಂದು ನಿಂತಿತು. ಒಬ್ಬ ಹಿರಿಯ ಹೆಂಗಸು ಇಳಿದರು, ಹಿಂದೆಯೇ ನೀಲಿ ಅಂಗಿಯ ಒಬ್ಬ ಗಂಡಸು. ಅಮ್ಮನಿಗೆ ಬೀಗ ಮರೆತೇಹೋಯಿತು. ವಾರದಿಂದ ಬಾಯಲ್ಲಿ ಕಾದಿದ್ದ ಮಾತು ರಾಗವಾಗಿ ಹೊರಬಂತು: "ಅಯ್ಯೋ, ನೀವೂ ಅರಮನೆ ನೋಡೋಕೆ ಬಂದ್ರಾ!"

ನೀಲಿ ಅಂಗಿ ಬೀಗವನ್ನು ನೋಡಿದ, ಅಮ್ಮನನ್ನು ನೋಡಿದ, ಆಮೇಲೆ ಜೋರಾಗಿ ನಕ್ಕುಬಿಟ್ಟ. "ಹೌದಮ್ಮ, ಬೀಗ ನೋಡೋಕೆ ಬಂದ್ವಿ. ನಮ್ಮ ಆಫು ಅಂತ ಬಂದ್ರೆ ಇವರದ್ದೂ ಆಫು!" ನಾನೂ ನಕ್ಕೆ. ತಲೆ ಎತ್ತಿಯೇ ನಕ್ಕೆ. ಅವನ ಮುಖ ಪೂರ್ತಿ ಕಂಡಿತು. ಹಲ್ಲು ಸ್ವಲ್ಪ ಉಬ್ಬು, ಕಣ್ಣು ಚೆನ್ನಾಗಿತ್ತು, ಬೆವರಿಗೆ ಕ್ರಾಪು ಹಣೆಗೆ ಅಂಟಿತ್ತು. ಬದುಕಿನಲ್ಲಿ ಮೊದಲ ಸಲ ಒಬ್ಬ ಗಂಡನ್ನು ನಾನು ನೋಡಿದ್ದೆ.

ಅವನ ತಾಯಿ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಬಾಗ್ಲು ಹಾಕಿದ ಜಾಗದ ಮುಂದೆ ನಿಂತು ಶುಭಕಾರ್ಯದ ಮಾತಾ? ನನಗ್ಯಾಕೋ ಸರಿ ಕಾಣಲ್ಲ. ನಡಿ, ಹೋಗಣ" ಎಂದರು. ಶಕುನ! ಅಪ್ಪ ಒಂದು ಹೆಜ್ಜೆ ಮುಂದೆ ಬಂದು, ತಪ್ಪು ಮಾಡಿದವರ ದನಿಯಲ್ಲಿ, "ಹಂಗಾದ್ರೆ ಮುಂದಿನ ವಾರ ಮನೆಗೇ ಬನ್ನಿ ತಾಯಿ. ಶಾಸ್ತ್ರದ ಪ್ರಕಾರವೇ ಮಾಡಣ" ಎಂದುಬಿಟ್ಟರು. ನನಗೆ ಸಿಕ್ಕಿದ್ದ ಆ ಒಂದೇ ಸಲ, ರಸ್ತೆ ಬದಿಯಲ್ಲಿ, ಐದು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು.

ಸಿಟ್ಟು ಬಂತು. ಅರಮನೆಯ ಮೇಲೆ, ಅಪ್ಪನ ಮೇಲೆ, ನನ್ನ ಮೇಲೆ. ಒಳಗಾದರೂ ಏನಿದೆ ನೋಡಿಯೇ ಹೋಗೋಣವೆಂದು ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದೆ. ಹಿಡಿದವಳೇ "ಅಮ್ಮಾ" ಎಂದು ಕೈ ಕಿತ್ತುಕೊಂಡೆ. ಹನ್ನೊಂದು ಗಂಟೆಯ ಬಿಸಿಲಿಗೆ ಕಬ್ಬಿಣ ಕೆಂಡವಾಗಿತ್ತು. ನೀಲಿ ಅಂಗಿ ಹತ್ತಿರ ಬಂದ. ತನ್ನ ಬಾಟಲಿಯ ಮುಚ್ಚಳ ತೆಗೆದು ಆ ಸರಳಿನ ಮೇಲೆ ನೀರು ಸುರಿದ. ಒದ್ದೆ ಕರ್ಚೀಫನ್ನು ಅದಕ್ಕೆ ಸುತ್ತಿದ.

"ಕುಡಿಯೋ ನೀರು ಕಣೋ ಅದು!" ಎಂದರು ಅವನ ತಾಯಿ ಹಿಂದಿನಿಂದ.

"ಈಗ ಹಿಡ್ಕೊಳ್ಳಿ" ಎಂದ ನನಗೆ. ಆಮೇಲೆ, "ಏನು ಕಾಣುತ್ತೆ ಅಲ್ಲಿ?"

ಅಂಗಳದಲ್ಲಿ ಸಾಲಾಗಿ ಕಲ್ಲುಗಳನ್ನು ನಿಲ್ಲಿಸಿದ್ದರು. ನನ್ನ ಬಾಯಿ ತನ್ನಷ್ಟಕ್ಕೆ ಪಾಠ ಶುರು ಮಾಡಿತು. ಅವು ವೀರಗಲ್ಲುಗಳು, ಕೆಳಗಿನಿಂದ ಮೇಲಕ್ಕೆ ಓದಬೇಕು, ಕೆಳಗೆ ಯುದ್ಧ, ಮಧ್ಯೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಕೈಲಾಸ, ಅಲ್ಲಿ ಶಿವಲಿಂಗ. ಅವನು ಕಣ್ಣು ಕಿರಿದು ಮಾಡಿ ನಾನು ತೋರಿಸಿದ ಕಡೆಯೇ ನೋಡಿದ. ಕುದುರೆ ಯಾವುದು ಎಂದು ಕೇಳಿದ. ಗೊತ್ತಾಗದಿದ್ದಾಗ ಗೊತ್ತಾಗಲಿಲ್ಲ ಎಂದ. ನನಗೆ ಉತ್ಸಾಹ ಏರಿತು, ದನಿಯೂ ಏರಿತು.

ಪಕ್ಕದಲ್ಲಿ ಸೀರೆಯ ಸರಪರ ಕೇಳಿಸಿತು. "ಎಲ್ಲಿ ಲಿಂಗ?" ಎಂದರು ಅವನ ತಾಯಿ.

"ಆ ಮೂರನೇ ಕಲ್ಲು ನೋಡಿ ಅಮ್ಮ, ತುದೀಲಿ. ಪಕ್ಕದಲ್ಲಿ ಬಸವಣ್ಣ ಕೂತಿದ್ದಾನೆ."

"ಕಾಣ್ತಿಲ್ಲ ಪುಟ್ಟಿ, ಸರಿಯಾಗಿ ತೋರ್ಸು." ನಾನು ಅವರ ಗಲ್ಲ ಹಿಡಿದು ಸರಳುಗಳ ಮಧ್ಯೆ ಮುಖ ತಿರುಗಿಸಿದೆ. ಟೀಚರ್ ಕೈ, ಮಕ್ಕಳಿಗೆ ಮಾಡಿ ಮಾಡಿ ಅಭ್ಯಾಸ. ಹಿಡಿದ ಮೇಲೆ ನನಗೇ ಗಾಬರಿಯಾಯಿತು. ಅವರು ಗಲ್ಲ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಹಾಂ, ಕಾಣ್ತು ಕಾಣ್ತು" ಎಂದು ಗೇಟಿನಾಚೆಯ ಕಲ್ಲಿಗೆ ಕೈ ಮುಗಿದರು. "ಸೋಮವಾರ ನೋಡು. ಶಿವನ ವಾರ. ಬಾಗ್ಲು ಹಾಕಿದ್ರೂ ಕಾಣಿಸ್ಕೊಂಡ" ಎಂದರು ಮಗನಿಗೆ. ಹೋಗೋಣ ಎಂದವರು ಗೇಟಿನ ಪಕ್ಕದ ಮರದ ನೆರಳಿನಲ್ಲಿ ಸೆರಗು ಕೊಡವಿ ಕೂತೇಬಿಟ್ಟರು. ಅಮ್ಮ ಅವರ ಪಕ್ಕ ಕೂತು ಬ್ಯಾಗಿನಿಂದ ಮಜ್ಜಿಗೆಯ ಬಾಟಲಿ ತೆಗೆದಳು.

ನಾವಿಬ್ಬರೂ ಗೇಟಿನಲ್ಲೇ ಉಳಿದೆವು. ನಾನು ಮನಸ್ಸಿನಲ್ಲಿ ಒಂದು ಪ್ರಶ್ನೆಪತ್ರಿಕೆಯನ್ನೇ ಮಾಡಿಕೊಂಡು ಬಂದಿದ್ದೆ. ಆ ಬಿಸಿಲಿಗೆ ಒಂದೇ ಪ್ರಶ್ನೆ ಉಳಿಯಿತು. "ಮದುವೆ ಆದ್ಮೇಲೂ ನಾನು ಸ್ಕೂಲಿಗೆ ಹೋಗ್ತೀನಿ. ಬಿಡಲ್ಲ. ನೀವು ಏನಂತೀರಿ?"

ಅವನು ನಿಜವಾಗಿಯೂ ಯೋಚನೆ ಮಾಡಿದ. "ನೋಡಿ, ನನಗೆ ನೈಟ್ ಶಿಫ್ಟ್ ಇರುತ್ತೆ. ಹಗಲು ಮಲಗ್ತೀನಿ. ಮನೇಲಿ ಯಾರೂ ಓಡಾಡ್ದೇ ಇದ್ರೆ ನಿದ್ದೆ ಚೆನ್ನಾಗಿ ಬರುತ್ತೆ. ದಯವಿಟ್ಟು ಹೋಗಿ."

ಎಷ್ಟೋ ಜನ ಗಂಡುಗಳ ಕಡೆಯವರು "ಹೆಣ್ಣುಮಕ್ಕಳ ಸ್ವಾತಂತ್ರ್ಯಕ್ಕೆ ನಮ್ಮ ಅಡ್ಡಿಯಿಲ್ಲ" ಎಂದು ಭಾಷಣ ಬಿಗಿದು ಹೋಗಿದ್ದರು. ಇವನ ಮಾತು ಕೇಳಿ ನನಗೆ ಜೀವ ಹಗುರಾಯಿತು. ಹಗಲು ಮಲಗುವ ಗಂಡಸು ಇರುವ ಮನೆಯಲ್ಲಿ ಪಾತ್ರೆ ಸದ್ದಾಗದಂತೆ ಬದುಕುವುದು ಹೇಗೆಂದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ವಾಪಸು ಹೋಗಲು ಎರಡೂ ಕಡೆಯವರಿಗೆ ಒಂದೇ ಬಸ್ಸು. ಆಕಸ್ಮಿಕದ ನಾಟಕ ಆಗಲೇ ಮುಗಿದಿತ್ತು, ಹೆಂಗಸರೆಲ್ಲ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಭದ್ರಾವತಿಯಲ್ಲಿ ಇಳಿಯುವಾಗ ಅವನ ತಾಯಿ ಎಂದಿನ ಮಾತನ್ನೇ ಹೇಳಿದರು: "ತಿಳಿಸ್ತೀವಿ." ಅದೊಂದು ಮಾತಿಗೆ ನನ್ನ ಖುಷಿ ಅರ್ಧ ಇಳಿಯಿತು. ಮನೆಗೆ ನಡೆಯುವಾಗ ಅಪ್ಪ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ರಾತ್ರಿ ಸೆಕೆಗೆ ಅಂಗಳದಲ್ಲಿ ಮಲಗಿ, ನನಗೆ ಇವನೇ ಬೇಕು ಎಂದು ಸ್ಪಷ್ಟವಾಗಿ ಅಂದುಕೊಂಡೆ. ಬೇಕು ಅನ್ನಿಸಿದ ಮೇಲೆ ಭಯವೂ ಹೆಚ್ಚಾಯಿತು.

ಮರುದಿನ ಸಂಜೆ ಅಪ್ಪ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಆಂಟಿ ಓಡುತ್ತಲೇ ಬಂದರು. "ಒಪ್ಪಿದ್ದಾರೆ! ಹುಡುಗನಿಗೂ ಒಪ್ಪಿಗೆ, ತಾಯಿಗೂ ಒಪ್ಪಿಗೆ. ನಾಳೆ ಸಂಜೆನೇ ಮಾತುಕತೆಗೆ ಬರ್ತಾರಂತೆ, ಹೂಂ ಅಂತ ಹೇಳಿ ಬರ್ಲಾ?" ಅಡಿಗೆಮನೆಯಲ್ಲಿದ್ದ ನಾನು ಸೌಟು ಬಿಟ್ಟು ಬಾಗಿಲಿಗೆ ಬಂದೆ. ಅಮ್ಮ ಆಗಲೇ ದೇವರ ಮುಂದೆ ದೀಪ ಹಚ್ಚಲು ಓಡಿದ್ದಳು.

ಅಪ್ಪ ಟವೆಲಿನಿಂದ ನಿಧಾನವಾಗಿ ಮುಖ ಒರೆಸಿಕೊಳ್ಳುವುದು ಬಾಗಿಲ ಸಂದಿನಿಂದ ಕಾಣುತ್ತಿತ್ತು. ಇಷ್ಟು ವರ್ಷ ಇಂಥ ಒಂದು ಮಾತಿಗಾಗಿ ಬಾಗಿಲು ಕಾದಿದ್ದ ಮನುಷ್ಯ ಅವರು.

"ಸ್ವಲ್ಪ ತಾಳಿ" ಎಂದರು. "ನಮ್ಮ ಹುಡುಗಿ ಇನ್ನೂ ತಿಳಿಸಿಲ್ಲ."